ಹಿತ್ತಲಿನ ಅಂಜೂರ ಹಣ್ಣು ಬಿಡದಿರಲು ಕಾರಣವೇನು?

ಹಿತ್ತಲಿನಲ್ಲಿ ನೆಟ್ಟ ಅಂಜೂರದ ಗಿಡ ಮೂರು ವರ್ಷಗಳಲ್ಲಿ ಆಳೆತ್ತರವನ್ನು ಮೀರಿ ಬೆಳೆಯುತ್ತದೆ. ಅಂಗೈಗಿಂತ ಅಗಲವಾದ ಎಲೆಗಳು ದಟ್ಟವಾಗಿ ಹರಡಿ ನೆರಳು ನೀಡುತ್ತವೆ. ಆದರೆ ಹಣ್ಣು ಮಾತ್ರ ಕಾಣಿಸುವುದಿಲ್ಲ. ಕಾಣಿಸಿದರೂ ಗೋಲಿಯ ಗಾತ್ರಕ್ಕೆ ಬಂದು ಉದುರಿಹೋಗುತ್ತದೆ. ನಗರಗಳ ಮನೆತೋಟಗಳಲ್ಲಿ ಇದು ಆಗಾಗ ಕೇಳಿಬರುವ ದೂರು. ಕೊನೆಗೊಂದು ದಿನ ‘ಇದು ಗಂಡು ಮರ’ ಎಂಬ ತೀರ್ಮಾನವಾಗಿ ಗಿಡದ ಬುಡಕ್ಕೆ ಕೊಡಲಿ ಬೀಳುವುದೂ ಉಂಟು.

ಹೀಗೆ ಕೊಡಲಿಗೆ ಗುರಿಯಾಗುವ ಗಿಡಗಳಲ್ಲಿ ಅನೇಕವು ಬಂಜೆಯಲ್ಲ. ನೀರು, ಗೊಬ್ಬರಗಳ ಅತಿಯಾದ ಉಪಚಾರವೇ ಅವುಗಳನ್ನು ಸೊಪ್ಪಿನ ಗಿಡಗಳನ್ನಾಗಿ ಮಾಡಿರುತ್ತದೆ. ಅಂಜೂರವು ಒಣಹವೆಯ, ಬಿರುಬಿಸಿಲಿನ ನಾಡುಗಳಿಂದ ಬಂದ ಬೆಳೆ. ಬಿಸಿಲು, ಸಕಾಲದಲ್ಲಿ ವಿಶ್ರಾಂತಿ ಮತ್ತು ಕ್ರಮಬದ್ಧವಾದ ಸವರುವಿಕೆ, ಈ ಮೂರನ್ನು ಒದಗಿಸಿದರೆ ಒಳ್ಳೆಯ ತಳಿಯ ಗಿಡ ಹಣ್ಣು ಕೊಡದೆ ಇರುವುದು ಅಪರೂಪ.

ಅಂಗಡಿಯ ತಾಜಾ ಅಂಜೂರ ಒಂದೆರಡು ದಿನಗಳಲ್ಲಿಯೇ ಮೆತ್ತಗಾಗಿ ಹುಳಿಯುತ್ತದೆ. ದೂರದ ಊರಿಗೆ ಕಳುಹಿಸಬೇಕಾದ ಹಣ್ಣನ್ನು ಪೂರ್ತಿ ಮಾಗುವ ಮೊದಲೇ ಕೊಯ್ಯುವುದರಿಂದ ಅದರಲ್ಲಿ ಸಿಹಿಯೂ ಕಡಿಮೆ. ಗಿಡದಲ್ಲಿಯೇ ಮಾಗಿದ ಅಂಜೂರದ ನಿಜವಾದ ರುಚಿ ದೊರೆಯುವುದು ಹಿತ್ತಲಿನಲ್ಲಿ ಗಿಡವಿದ್ದವರಿಗೆ ಮಾತ್ರ. ಆದ್ದರಿಂದಲೇ ಹಣ್ಣು ಬಿಡದ ಗಿಡವನ್ನು ಕಡಿಯುವ ಮೊದಲು ಅದರ ಸ್ವಭಾವವನ್ನು ಅರಿಯುವುದು ಒಳಿತು.

ಹೂವು ಇರುವುದೆಲ್ಲಿ?

ಅಂಜೂರದ ಸಸ್ಯಶಾಸ್ತ್ರೀಯ ಹೆಸರು ಫೈಕಸ್ ಕ್ಯಾರಿಕಾ. ಕನ್ನಡದಲ್ಲಿ ಇದಕ್ಕೆ ಸೀಮೆ ಅತ್ತಿ ಎಂಬ ಹೆಸರೂ ಇದೆ. ಅತ್ತಿ, ಆಲ, ಅರಳಿ, ಬಸರಿ ಇದರ ಹತ್ತಿರದ ಬಂಧುಗಳು. ಹಲಸು ಮತ್ತು ಹಿಪ್ಪುನೇರಳೆ ಕೂಡ ಇದೇ ಕುಟುಂಬಕ್ಕೆ ಸೇರಿದವು.

ಅತ್ತಿಯ ಹೂವನ್ನು ಕಂಡವರಿಲ್ಲ ಎಂಬ ಮಾತು ಅಂಜೂರಕ್ಕೂ ಸಲ್ಲುತ್ತದೆ. ಎಲೆಯ ಕಂಕುಳಿನಲ್ಲಿ ಮೊದಲು ಕಾಣಿಸುವ ಹಸಿರು ಗುಂಡು ವಾಸ್ತವವಾಗಿ ಒಂದು ಮುಚ್ಚಿದ ಹೂಗೊಂಚಲು. ಅದರ ಒಳಗೋಡೆಯ ಮೇಲೆ ನೂರಾರು ಸೂಕ್ಷ್ಮ ಹೂವುಗಳಿರುತ್ತವೆ. ತುದಿಯಲ್ಲಿರುವ ಸಣ್ಣ ರಂಧ್ರವೇ ಹೊರಜಗತ್ತಿಗೆ ಇರುವ ಏಕೈಕ ದ್ವಾರ. ಇದನ್ನು ಹಣ್ಣಿನ ಕಣ್ಣು ಎನ್ನುತ್ತಾರೆ.

ಕಾಡು ಅಂಜೂರದಲ್ಲಿ ಈ ಕಣ್ಣಿನ ಮೂಲಕ ಒಂದು ಪುಟ್ಟ ಕಣಜ ಒಳನುಗ್ಗಿ ಪರಾಗಸ್ಪರ್ಶ ಮಾಡುತ್ತದೆ. ಇದರ ಹೆಸರು ಬ್ಲಾಸ್ಟೋಫಾಗಾ ಸೀನೆಸ್. ಅತ್ತಿಯ ಹಣ್ಣಿನೊಳಗೆ ಕಾಣುವ ಕಣಜಗಳು ಬೇರೆ ಜಾತಿಯವು. ಅವು ಅಂಜೂರಕ್ಕೆ ನೆರವಾಗವು. ಆದ್ದರಿಂದ ಪಕ್ಕದಲ್ಲಿ ಅತ್ತಿಮರವಿದ್ದರೆ ಅಂಜೂರ ಕಾಯಿ ಕಟ್ಟುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಸಂತೋಷದ ವಿಷಯವೆಂದರೆ ಮನೆತೋಟಕ್ಕೆ ಈ ಕಣಜದ ಅಗತ್ಯವೇ ಇಲ್ಲ. ಪೂನಾ, ಬಳ್ಳಾರಿ, ಗಂಜಾಂ, ಡಯಾನಾ, ಬ್ರೌನ್ ಟರ್ಕಿ ಮೊದಲಾದ ತಳಿಗಳು ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುವಂಥವು. ಇವುಗಳಿಗೆ ಜೊತೆಯಲ್ಲಿ ಗಂಡುಗಿಡ ಬೇಕಿಲ್ಲ. ಒಂಟಿ ಗಿಡವೂ ಫಲ ಕೊಡುತ್ತದೆ. ಶ್ರೀರಂಗಪಟ್ಟಣದ ಗಂಜಾಂನ ಅಂಜೂರ ಒಂದು ಕಾಲಕ್ಕೆ ಹಳೆಯ ಮೈಸೂರು ಭಾಗದಲ್ಲಿ ಹೆಸರಾಗಿತ್ತು. ಬಳ್ಳಾರಿ ಸೀಮೆಯಲ್ಲಿ ಅಂಜೂರ ಇಂದಿಗೂ ತೋಟದ ಬೆಳೆ. ನೆರೆಯ ಮಹಾರಾಷ್ಟ್ರದಲ್ಲಿ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಪರಾಗಸ್ಪರ್ಶ ಬೇಡದ ಅಂಜೂರ ಮನುಷ್ಯನಿಗೆ ಬಹಳ ಹಳೆಯ ಪರಿಚಯ. ಜೋರ್ಡಾನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ದೊರೆತ, ಸುಮಾರು 11 ಸಾವಿರ ವರ್ಷಗಳಿಗೂ ಹಿಂದಿನ ಇದ್ದಿಲಾದ ಅಂಜೂರಗಳು ಈ ಬಗೆಯವೆಂದು 2006ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮೊಳೆಯುವ ಬೀಜವಿಲ್ಲದ ಈ ಗಿಡವನ್ನು ಅಂದಿನವರು ಕಡ್ಡಿ ನೆಟ್ಟು ಬೆಳೆಸಿರಬೇಕು ಎಂಬುದು ಅವರ ವಾದ. ಈ ವಾದವನ್ನು ಎಲ್ಲರೂ ಒಪ್ಪಿಲ್ಲವಾದರೂ ಅಂಜೂರವನ್ನು ಕಡ್ಡಿಯಿಂದಲೇ ಬೆಳೆಸಬೇಕೆಂಬ ಪಾಠ ಇಂದಿಗೂ ನಿಜ.

ಬೀಜದ ಗಿಡದ ಅಪಾಯ

ಒಣ ಅಂಜೂರದ ಬೀಜಗಳನ್ನು ಕುಂಡದಲ್ಲಿ ಹಾಕಿ ಮೊಳೆಸಿದವರು ಅನೇಕರು. ಗಿಡವೇನೋ ಬರುತ್ತದೆ, ಆದರೆ ನಿರಾಸೆ ಅಲ್ಲಿಂದಲೇ ಆರಂಭ. ಬೀಜ ಮೊಳೆಯಿತು ಎಂದರೆ ಆ ಹಣ್ಣಿಗೆ ಪರಾಗಸ್ಪರ್ಶವಾಗಿತ್ತು ಎಂದರ್ಥ. ಟರ್ಕಿಯಿಂದ ಬರುವ ಪ್ರಸಿದ್ಧ ಒಣ ಅಂಜೂರಗಳು ಸ್ಮಿರ್ನಾ ಎಂಬ ಗುಂಪಿಗೆ ಸೇರಿದವು. ಈ ಗುಂಪಿನ ಮರಗಳಿಗೆ ಕಣಜದ ನೆರವು ಬೇಕೇ ಬೇಕು. ಅವುಗಳ ಬೀಜದಿಂದ ಹುಟ್ಟುವ ಸಸಿಗಳಲ್ಲಿ ಸುಮಾರು ಅರ್ಧದಷ್ಟು ತಿನ್ನಲು ಬಾರದ ಕಾಡುಕಾಯಿ ಬಿಡುವ ಗಂಡುಗಿಡಗಳಾಗುತ್ತವೆ. ಉಳಿದವುಗಳಲ್ಲಿಯೂ ಕಣಜವಿಲ್ಲದೆ ಕಾಯಿ ಉದುರಿಸುವ ಗಿಡಗಳು ಇರುತ್ತವೆ.

ಇದೇ ಅನುಭವ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಳೆಗಾರರಿಗೆ ದೊಡ್ಡ ಪ್ರಮಾಣದಲ್ಲಿ ಆಯಿತು. 1880ರ ದಶಕದ ಆರಂಭದಲ್ಲಿ ಅವರು ಸ್ಮಿರ್ನಾ ಅಂಜೂರದ ಸಾವಿರಾರು ಕಡ್ಡಿಗಳನ್ನು ತರಿಸಿ ನೆಟ್ಟರು. ಮರಗಳು ಸೊಂಪಾಗಿ ಬೆಳೆದವು. ಕಾಯಿಗಳು ಮಾತ್ರ ಎಳೆಯದರಲ್ಲೇ ಉದುರತೊಡಗಿದವು. ಮಾರಿದವರು ಕೀಳು ತಳಿ ಕೊಟ್ಟು ಮೋಸ ಮಾಡಿದರೆಂದು ಕೆಲವರು ಶಂಕಿಸಿದರು. 1890ರಲ್ಲಿ ಫ್ರೆಸ್ನೋದ ಬೆಳೆಗಾರ ಜಾರ್ಜ್ ರೋಡಿಂಗ್ ಅವರ ತೋಟದಲ್ಲಿ ಕಾಡು ಅಂಜೂರದ ಪರಾಗವನ್ನು ಕೈಯಿಂದಲೇ ಕಾಯಿಯೊಳಗೆ ಸೇರಿಸಿದಾಗ ಆ ಕಾಯಿಗಳು ಉಳಿದು ಮಾಗಿದವು. ಮರದ ದೋಷವಲ್ಲ, ಕಣಜದ ಅಭಾವ ಎಂಬುದು ಹೀಗೆ ಖಚಿತವಾಯಿತು. 1899ರಲ್ಲಿ ಆ ಕಣಜವನ್ನು ಹೊರದೇಶದಿಂದ ತಂದು ನೆಲೆಗೊಳಿಸಿದ ನಂತರವೇ ಅಲ್ಲಿ ಸ್ಮಿರ್ನಾ ಅಂಜೂರದ ಕೃಷಿ ಯಶಸ್ವಿಯಾಯಿತು.

ಬೆಂಗಳೂರಿನ ಹಿತ್ತಲಿಗೆ ಕಣಜವನ್ನು ತರುವ ಯೋಚನೆ ವ್ಯರ್ಥ. ಪರಾಗಸ್ಪರ್ಶ ಬೇಡದ ತಳಿಯ, ಕಡ್ಡಿಯಿಂದ ಅಥವಾ ಗೂಟಿಯಿಂದ ಬೆಳೆಸಿದ ಸಸಿಯನ್ನು ನೆಡುವುದೇ ಸರಿಯಾದ ಮಾರ್ಗ. ಈಗಾಗಲೇ ಹಣ್ಣು ಬಿಡುತ್ತಿರುವ ನೆರೆಮನೆಯ ಗಿಡದಿಂದ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಬಲಿತ ಕಡ್ಡಿಯನ್ನು ತಂದು ನೆಟ್ಟರೂ ಸಾಕು. ಇಂಥ ಗಿಡ ಎರಡು ಅಥವಾ ಮೂರನೆಯ ವರ್ಷದಲ್ಲಿ ಫಲ ಕೊಡಲು ತೊಡಗುತ್ತದೆ.

ಲಕ್ಷಣ ನೋಡಿ ಕಾರಣ ತಿಳಿಯುವುದು

ಹಣ್ಣು ಬರುತ್ತಿಲ್ಲ ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಎಲೆಯ ಕಂಕುಳನ್ನು ಗಮನಿಸಿದರೆ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು.

ಮೊದಲನೆಯದು, ಕಾಯಿಯೇ ಕಾಣಿಸದಿರುವುದು. ಎಲೆಗಳು ಕಡುಹಸಿರಾಗಿ, ಗೆಣ್ಣುಗಳ ನಡುವಿನ ಅಂತರ ಹೆಚ್ಚಾಗಿ, ರೆಂಬೆಗಳು ನೀಳವಾಗಿ ಮೇಲಕ್ಕೆ ಏರುತ್ತಿದ್ದರೆ ಗಿಡಕ್ಕೆ ನೀರು, ಗೊಬ್ಬರ ಹೆಚ್ಚಾಗಿದೆ, ಇಲ್ಲವೇ ಬಿಸಿಲು ಕಡಿಮೆಯಾಗಿದೆ ಎಂದು ತಿಳಿಯಬೇಕು. ಗಿಡ ಇನ್ನೂ ಎಳೆಯದಾಗಿರುವುದೂ ಸಾಧ್ಯ.

ಎರಡನೆಯದು, ಎಳೆಗಾಯಿ ಉದುರುವುದು. ನೀರು ಒಮ್ಮೆ ಪೂರ್ತಿ ನಿಂತು ಮತ್ತೊಮ್ಮೆ ಹೊಳೆಯಂತೆ ಹರಿದರೆ ಹೀಗಾಗುತ್ತದೆ. ಬೇರು ಗಂಟುಕಟ್ಟಿ ದುರ್ಬಲವಾಗಿದ್ದರೂ ಕಾಯಿ ನಿಲ್ಲುವುದಿಲ್ಲ. ನೀರು, ಬಿಸಿಲು ಎಲ್ಲವೂ ಸರಿಯಿದ್ದು ಹಲವು ವರ್ಷ ಪ್ರತಿಯೊಂದು ಕಾಯಿಯೂ ಗೋಲಿಯ ಗಾತ್ರದಲ್ಲಿಯೇ ಉದುರುತ್ತಿದ್ದರೆ ಅದು ಕಣಜವನ್ನು ಬೇಡುವ ಬೀಜದ ಗಿಡವಿರಬಹುದು. ಅಂಥ ಗಿಡವನ್ನು ಮಾತ್ರ ಬದಲಾಯಿಸುವುದು ಲೇಸು.

ಮೂರನೆಯದು, ಕಾಯಿ ದಪ್ಪಗಾಗದೆ, ಹಣ್ಣಾಗದೆ ಹಾಗೆಯೇ ನಿಲ್ಲುವುದು. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಅಂಜೂರದ ಬೆಳವಣಿಗೆ ಮೂರು ಹಂತಗಳದ್ದು. ಮೊದಲು ಕಾಯಿ ಬೇಗ ಬೆಳೆಯುತ್ತದೆ. ನಂತರ ಹಲವು ವಾರ ಗಟ್ಟಿಯಾಗಿ ಕುಳಿತಲ್ಲೇ ಕುಳಿತಿರುತ್ತದೆ. ಕೊನೆಗೆ ಕೆಲವೇ ದಿನಗಳಲ್ಲಿ ಉಬ್ಬಿ, ಬಣ್ಣ ತಿರುಗಿ, ಸಿಹಿಯಾಗುತ್ತದೆ. ಎರಡನೆಯ ಹಂತದಲ್ಲಿ ತಾಳ್ಮೆಗೆಟ್ಟು ಕಾಯಿಯನ್ನು ಕಿತ್ತರೆ ಫಲವಿಲ್ಲ.

ಬಿಸಿಲು, ನೀರು, ಗೊಬ್ಬರ

ಅಂಜೂರಕ್ಕೆ ದಿನಕ್ಕೆ ಆರರಿಂದ ಎಂಟು ಗಂಟೆಗಳ ನೇರ ಬಿಸಿಲು ಬೇಕು. ಪಕ್ಕದ ಕಟ್ಟಡ ಅಥವಾ ಮಾವಿನ ಮರದ ನೆರಳಿನಲ್ಲಿರುವ ಗಿಡಕ್ಕೆ ಉಳಿದ ಯಾವ ಉಪಚಾರ ಮಾಡಿದರೂ ಪ್ರಯೋಜನ ಅಲ್ಪ. ದಕ್ಷಿಣ ಅಥವಾ ಪಶ್ಚಿಮ ದಿಕ್ಕಿಗೆ ತೆರೆದುಕೊಂಡ ಜಾಗ ಉತ್ತಮ. ಅದರ ಬೇರುಗಳು ನೀರನ್ನು ಅರಸಿಕೊಂಡು ದೂರ ಹೋಗುವುದರಿಂದ ನೀರಿನ ತೊಟ್ಟಿ, ಒಳಚರಂಡಿ ಕೊಳವೆ ಮತ್ತು ಕಾಂಪೌಂಡ್ ಗೋಡೆಯಿಂದ ಸಾಕಷ್ಟು ದೂರದಲ್ಲಿ ನೆಡಬೇಕು.

ಬಚ್ಚಲ ನೀರು ಹರಿಯುವ ಜಾಗ ಬಾಳೆಗೆ ಸೂಕ್ತ, ಅಂಜೂರಕ್ಕಲ್ಲ. ಸದಾ ತೇವವಿರುವ ನೆಲದಲ್ಲಿ ಗಿಡ ಎಲೆ ಬಿಡುವುದರಲ್ಲಿಯೇ ತೊಡಗಿರುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಕಾಯಿ ಕಟ್ಟಿದ ಮೇಲೆ ಮಾತ್ರ ನೀರು ತಪ್ಪಬಾರದು. ನೆಲದಲ್ಲಿರುವ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಬಾರಿ ಪಾತಿ ತುಂಬ ನೀರು ಕೊಟ್ಟು, ಒಣ ಎಲೆಯ ಹೊದಿಕೆ ಹಾಕಿದರೆ ತೇವ ಸಮವಾಗಿ ಉಳಿಯುತ್ತದೆ. ಹಣ್ಣು ಮಾಗುವಾಗ ನೀರನ್ನು ತುಸು ಕಡಿಮೆ ಮಾಡಬೇಕು. ಇಲ್ಲವಾದರೆ ಹಣ್ಣು ಬಿರಿದು ಸಪ್ಪೆಯಾಗುತ್ತದೆ.

ಗೊಬ್ಬರದ ವಿಷಯದಲ್ಲಿಯೂ ಮಿತಿ ಅಗತ್ಯ. ಯೂರಿಯಾ, ಹಸಿ ಸಗಣಿ, ಕೋಳಿಗೊಬ್ಬರಗಳಲ್ಲಿ ಸಾರಜನಕ ಅಧಿಕವಾಗಿರುವುದರಿಂದ ಸೊಪ್ಪು ಹೆಚ್ಚುತ್ತದೆ. ಮೂರು ವರ್ಷ ದಾಟಿದ ಗಿಡಕ್ಕೆ ಸವರಿದ ನಂತರ ವರ್ಷಕ್ಕೊಮ್ಮೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹತ್ತು ಕಿಲೋ, ಬೇವಿನ ಹಿಂಡಿ ಅರ್ಧ ಕಿಲೋ ಸಾಕು. ಒಂದೆರಡು ಹಿಡಿ ಸೌದೆ ಬೂದಿ ಹಾಕಿದರೆ ಪೊಟ್ಯಾಷ್ ಮತ್ತು ಸುಣ್ಣದ ಅಂಶ ದೊರೆಯುತ್ತದೆ. ಗಿಡ ಈಗಾಗಲೇ ಸೊಕ್ಕಿ ಬೆಳೆದಿದ್ದರೆ ಒಂದು ವರ್ಷ ಗೊಬ್ಬರವನ್ನೇ ನಿಲ್ಲಿಸುವುದು ಒಳ್ಳೆಯದು.

ವಿಶ್ರಾಂತಿ ಮತ್ತು ಸವರುವಿಕೆ

ಶೀತ ದೇಶಗಳಲ್ಲಿ ಅಂಜೂರದ ಮರ ಚಳಿಗಾಲದಲ್ಲಿ ಎಲೆಯುದುರಿಸಿ ತಾನಾಗಿ ವಿಶ್ರಮಿಸುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಅಷ್ಟು ತೀವ್ರವಾದ ಚಳಿಯಿಲ್ಲ. ಇಲ್ಲಿ ನೀರು ನಿಲ್ಲಿಸುವುದರ ಮೂಲಕ ಗಿಡಕ್ಕೆ ವಿಶ್ರಾಂತಿ ಕೊಡಬೇಕಾಗುತ್ತದೆ. ಪುಣೆ ಭಾಗದ ಬೆಳೆಗಾರರು ಇದನ್ನೇ ಶಾಸ್ತ್ರೋಕ್ತವಾಗಿ ನಡೆಸುತ್ತಾರೆ. ಮಳೆಗಾಲದಲ್ಲಿ ಕೊಯ್ಲಿಗೆ ಬರುವ ಬೆಳೆಗೆ ಅವರು ‘ಖಟ್ಟಾ ಬಹಾರ’ ಎಂದೂ, ಬೇಸಿಗೆಯಲ್ಲಿ ಬರುವ ಬೆಳೆಗೆ ‘ಮೀಠಾ ಬಹಾರ’ ಎಂದೂ ಕರೆಯುತ್ತಾರೆ. ಹೆಸರೇ ಸೂಚಿಸುವಂತೆ ಮಳೆಗಾಲದ ಹಣ್ಣು ಹುಳಿ, ಬೇಸಿಗೆಯದು ಸಿಹಿ.

ಮನೆತೋಟದಲ್ಲಿಯೂ ಬೇಸಿಗೆಯ ಬೆಳೆಯನ್ನೇ ಗುರಿಯಾಗಿಟ್ಟುಕೊಳ್ಳುವುದು ಜಾಣತನ. ಬಯಲುಸೀಮೆಯಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಹಿಂಗಾರು ಮಳೆ ಮುಂದುವರಿಯುವ ಬೆಂಗಳೂರಿನಂಥ ಕಡೆ ಮಳೆ ತಗ್ಗಿದ ಮೇಲೆ ನವೆಂಬರ್ ವೇಳೆಗೆ ಗಿಡವನ್ನು ಸವರಬಹುದು. ಅದಕ್ಕೆ ಮೂರು-ನಾಲ್ಕು ವಾರ ಮೊದಲು ನೀರು ನಿಲ್ಲಿಸಬೇಕು. ಸವರಿ, ಬುಡದ ಮಣ್ಣು ಸಡಿಲಿಸಿ, ಗೊಬ್ಬರ ಹಾಕಿ ಮತ್ತೆ ಹದವಾಗಿ ನೀರು ಕೊಟ್ಟರೆ ಹೊಸ ಚಿಗುರು ಒಡೆಯುತ್ತದೆ. ಅಲ್ಲಿಂದ ಸುಮಾರು ನಾಲ್ಕರಿಂದ ಐದು ತಿಂಗಳಲ್ಲಿ ಹಣ್ಣು ಕೈಗೆ ಬರುತ್ತದೆ.

ಸವರುವಿಕೆಯ ತರ್ಕ ಸರಳವಾದುದು. ನಮ್ಮಲ್ಲಿ ಬೆಳೆಯುವ ತಳಿಗಳ ಮುಖ್ಯ ಬೆಳೆ ಬರುವುದು ಹೊಸ ಚಿಗುರಿನ ಎಲೆಕಂಕುಳುಗಳಲ್ಲಿ. ಹೊಸ ಚಿಗುರು ಎಷ್ಟೋ ಹಣ್ಣು ಅಷ್ಟು. ಸವರದೆ ಬಿಟ್ಟ ಗಿಡದಲ್ಲಿ ಕೊಂಬೆಗಳ ತುದಿಯಲ್ಲಿ ಮಾತ್ರ ಚಿಗುರು ಬಂದು ಕೆಳಭಾಗ ಬರಿದಾಗುತ್ತದೆ. ಆದ್ದರಿಂದ ಗಿಡದಲ್ಲಿ ನಾಲ್ಕಾರು ಮುಖ್ಯ ಕೊಂಬೆಗಳನ್ನು ಬಟ್ಟಲಿನಂತೆ ಹರಡಲು ಬಿಟ್ಟು, ಹಿಂದಿನ ವರ್ಷದ ರೆಂಬೆಗಳನ್ನು ಎರಡು-ಮೂರು ಕಣ್ಣುಗಳಷ್ಟು ಉಳಿಸಿ ಕತ್ತರಿಸಬೇಕು. ಒಣಗಿದ, ಒಳಮುಖವಾಗಿ ಬೆಳೆದ, ಬುಡದಿಂದೆದ್ದ ರೆಂಬೆಗಳನ್ನು ಪೂರ್ತಿ ತೆಗೆಯಬೇಕು. ಹೊಸ ಚಿಗುರು ಐದಾರು ಎಲೆ ಬಿಟ್ಟ ನಂತರ ಅದರ ತುದಿಯನ್ನು ಚಿವುಟಿದರೆ ಗಿಡದ ಶಕ್ತಿ ಕಾಯಿಯ ಕಡೆಗೆ ತಿರುಗುತ್ತದೆ.

ತೋಟಗಾರರು ಅನುಸರಿಸುವ ಇನ್ನೊಂದು ಉಪಾಯ ಕಚ್ಚು ಹಾಕುವುದು. ಬಲಿತ ರೆಂಬೆಯಲ್ಲಿ ಮಲಗಿರುವ ಕಣ್ಣಿನ ಸ್ವಲ್ಪ ಮೇಲೆ ತೊಗಟೆಯನ್ನು ಒಂದು ಅಂಗುಲ ಉದ್ದಕ್ಕೆ ಓರೆಯಾಗಿ ಕೊರೆದು ತೆಗೆದರೆ ಆ ಕಣ್ಣು ಎಚ್ಚೆತ್ತು ಚಿಗುರುತ್ತದೆ. ಒಂದು ರೆಂಬೆಗೆ ಮೂರು-ನಾಲ್ಕು ಕಚ್ಚುಗಳಿಗಿಂತ ಹೆಚ್ಚು ಬೇಡ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಕತ್ತರಿಸಿದಲ್ಲಿ ಒಸರುವ ಹಾಲು ಚರ್ಮಕ್ಕೆ ತಗುಲಿ, ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂಥ ಬೊಬ್ಬೆಗಳು ಏಳಬಹುದು. ಕೈಗವಸು, ತುಂಬುತೋಳಿನ ಅಂಗಿ ಧರಿಸಿ ಸಂಜೆಯ ವೇಳೆ ಸವರುವುದು ಕ್ಷೇಮ. ಹಾಲು ತಗುಲಿದರೆ ಕೂಡಲೇ ಸಾಬೂನಿನಿಂದ ತೊಳೆಯಬೇಕು. ಮಕ್ಕಳನ್ನು ಆ ಹೊತ್ತಿನಲ್ಲಿ ಗಿಡದಿಂದ ದೂರವಿಡಬೇಕು.

ರೋಗ ಮತ್ತು ಕೀಟ

ಮಳೆಗಾಲದಲ್ಲಿ ಎಲೆಯ ಹಿಂಭಾಗದಲ್ಲಿ ತುಕ್ಕಿನ ಬಣ್ಣದ ಪುಡಿ ಕಾಣಿಸಿ ಎಲೆಗಳು ಅಕಾಲದಲ್ಲಿ ಉದುರಿದರೆ ಅದು ತುಕ್ಕು ರೋಗ. ಎಲೆ ಕಳೆದುಕೊಂಡ ಗಿಡ ಕಾಯಿಯನ್ನು ಸಾಕಲಾರದು. ಉದುರಿದ ಎಲೆಗಳನ್ನು ಗುಡಿಸಿ ದೂರ ಹಾಕುವುದು, ರೆಂಬೆಗಳ ನಡುವೆ ಗಾಳಿಯಾಡುವಂತೆ ಸವರುವುದು, ಎಲೆಗೆ ನೀರು ಚಿಮುಕಿಸದಿರುವುದು ಮೊದಲ ಕ್ರಮಗಳು. ರೋಗ ಪ್ರತಿವರ್ಷ ಮರುಕಳಿಸುತ್ತಿದ್ದರೆ ಮಳೆಗೆ ಮುನ್ನ ಶೇ. 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬಹುದು. ಅತಿಮಳೆಯ ಕರಾವಳಿ ಮತ್ತು ಮಲೆನಾಡಿನಲ್ಲಿ ಅಂಜೂರ ಸೊರಗಲು ಈ ತೇವವೇ ಮುಖ್ಯ ಕಾರಣ. ಅಲ್ಲಿ ಮಳೆಗಾಲಕ್ಕೆ ಸೂರಿನಡಿ ಸರಿಸಬಹುದಾದ ಕುಂಡವೇ ಲೇಸು.

ಕಾಂಡದಲ್ಲಿ ರಂಧ್ರವಿದ್ದು ಮರದ ಹೊಟ್ಟು ಉದುರುತ್ತಿದ್ದರೆ ಕಾಂಡ ಕೊರೆಯುವ ಹುಳು ಸೇರಿದೆ ಎಂದರ್ಥ. ತಂತಿಯನ್ನು ತೂರಿಸಿ ಹುಳುವನ್ನು ಕೊಂದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ರಂಧ್ರದೊಳಗಿಟ್ಟು ಹಸಿಮಣ್ಣಿನಿಂದ ಮುಚ್ಚುವುದು ರೂಢಿಯಲ್ಲಿರುವ ಕ್ರಮ. ನಿರ್ಲಕ್ಷಿಸಿದರೆ ಇಡೀ ಗಿಡ ಒಣಗಬಹುದು. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಗಳಿಗೆ ಬೇವಿನ ಹಿಂಡಿಯನ್ನೂ, ಪಾತಿಯ ಸುತ್ತ ಚೆಂಡುಹೂವಿನ ಗಿಡಗಳನ್ನೂ ಬಳಸುತ್ತಾರೆ.

ಕುಂಡದಲ್ಲಿ ಅಂಜೂರ

ಬೇರು ಹರಡಲು ಜಾಗ ಕಡಿಮೆಯಾದಷ್ಟೂ ಅಂಜೂರದ ಸೊಪ್ಪು ತಗ್ಗಿ ಫಲ ಹೆಚ್ಚುವುದುಂಟು. ಇಂಗ್ಲೆಂಡಿನ ತೋಟಗಾರರು ಇದನ್ನರಿತು ನಾಲ್ಕೂ ಬದಿಗೆ ಕಲ್ಲುಚಪ್ಪಡಿ ನಿಲ್ಲಿಸಿದ ಸುಮಾರು 60 ಸೆಂ.ಮೀ. ಗುಂಡಿಯಲ್ಲಿ ಅಂಜೂರವನ್ನು ನೆಡುತ್ತಾರೆ. ನೆಲವಿಲ್ಲದ ನಗರವಾಸಿಗಳಿಗೆ ಈ ಗುಣ ವರದಾನ. ತಾರಸಿಯ ಮೇಲೆ ಒಂದೂವರೆ ಅಡಿ ಅಗಲ ಮತ್ತು ಆಳದ ಕುಂಡದಲ್ಲಿ ಕೆಂಪುಮಣ್ಣು, ಮರಳು, ಕಳಿತ ಗೊಬ್ಬರಗಳ ಮಿಶ್ರಣದಲ್ಲಿ ಗಿಡ ಚೆನ್ನಾಗಿ ಬರುತ್ತದೆ. ಕುಂಡದ ಮಣ್ಣು ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ದಿನವೂ ನೀರು ಬೇಕಾಗಬಹುದು. ಎರಡು-ಮೂರು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಸುತ್ತಿಕೊಂಡ ಹೊರಬೇರುಗಳನ್ನು ಸವರಿ, ಹೊಸ ಮಣ್ಣಿನಲ್ಲಿ ನೆಡಬೇಕು.

ಹಣ್ಣು ಕೊಯ್ಯುವ ಹದ

ಬಲಿಯದೆ ಕಿತ್ತ ಅಂಜೂರವನ್ನು ಬಾಳೆಯಂತೆ ಮನೆಯಲ್ಲಿಟ್ಟು ಹಣ್ಣು ಮಾಡಲಾಗದು. ಬಣ್ಣ ತಿರುಗಿ, ಮುಟ್ಟಿದರೆ ಮೃದುವಾಗಿ, ತೊಟ್ಟಿನ ಬಳಿ ಬಾಗಿ ಜೋಲಾಡುವ ಹಣ್ಣು ಕೊಯ್ಲಿಗೆ ಸಿದ್ಧ. ತೊಟ್ಟಿನಿಂದ ಬಿಳಿಹಾಲು ಧಾರಾಳವಾಗಿ ಒಸರಿದರೆ ಹಣ್ಣು ಇನ್ನೂ ಮಾಗಿಲ್ಲ.

ಪೂರ್ಣ ಗಾತ್ರಕ್ಕೆ ಬಂದು ಬಣ್ಣ ತಿರುಗಲು ತಡಮಾಡುವ ಕಾಯಿಗಳಿಗೆ ಮೆಡಿಟರೇನಿಯನ್ ತೀರದ ರೈತರು ಪುರಾತನ ಕಾಲದಿಂದ ಒಂದು ತಂತ್ರ ಬಳಸುತ್ತಾರೆ. ಕಾಯಿಯ ಕಣ್ಣಿಗೆ ಒಂದು ಹನಿ ಆಲಿವ್ ಎಣ್ಣೆ ಸವರುತ್ತಾರೆ; ಅದು ಬೇಗ ಮಾಗುತ್ತದೆ. ಎಣ್ಣೆಯಿಂದ ಕಾಯಿಯೊಳಗೆ ಎಥಿಲೀನ್ ಹೆಚ್ಚುವುದೇ ಇದಕ್ಕೆ ಕಾರಣವೆಂದು ಆಧುನಿಕ ವಿಜ್ಞಾನ ಕಂಡುಕೊಂಡಿದೆ. ಎಳೆಗಾಯಿಗೆ ಎಣ್ಣೆ ಹಚ್ಚಿದರೆ ಪ್ರಯೋಜನವಿಲ್ಲ.

ಹಣ್ಣು ಮಾಗುವುದನ್ನು ಮನೆಯವರಿಗಿಂತ ಮೊದಲು ಅರಿಯುವವು ಕೋಗಿಲೆ, ಪಿಕಳಾರ, ಅಳಿಲು ಮತ್ತು ಬಾವಲಿಗಳು. ಸಡಿಲವಾದ ಬಲೆ ಹೊದಿಸಿದರೆ ಹಕ್ಕಿಗಳು ಸಿಕ್ಕಿ ಸಾಯುತ್ತವೆ. ಅದರ ಬದಲು ಮಾಗತೊಡಗಿದ ಒಂದೊಂದು ಹಣ್ಣಿಗೂ ತೆಳುಬಟ್ಟೆಯ ಅಥವಾ ಕಾಗದದ ಚೀಲ ಕಟ್ಟುವುದು ಸುಲಭ. ಎತ್ತರದ ಕೊಂಬೆಗಳ ನಾಲ್ಕಾರು ಹಣ್ಣುಗಳನ್ನು ಅವುಗಳ ಪಾಲಿಗೆ ಬಿಟ್ಟರೂ ನಷ್ಟವೇನಿಲ್ಲ.

ಇನ್ನೊಂದು ವರ್ಷ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಫಲ ಕೊಡದ ಅಂಜೂರದ ಮರದ ಸಾಮತಿಯೊಂದಿದೆ. ಮೂರು ವರ್ಷ ಕಾದರೂ ಹಣ್ಣು ಕಾಣದ ಯಜಮಾನ ಮರವನ್ನು ಕಡಿಯಲು ಹೇಳುತ್ತಾನೆ. ಬುಡ ಅಗೆದು ಗೊಬ್ಬರ ಹಾಕುತ್ತೇನೆ, ಇನ್ನೊಂದು ವರ್ಷ ಬಿಡಿ ಎಂದು ತೋಟದ ಆಳು ಬೇಡಿಕೊಳ್ಳುತ್ತಾನೆ. ಅಂಜೂರದ ಮರ ಯಜಮಾನನ ತಾಳ್ಮೆಯನ್ನು ಪರೀಕ್ಷಿಸುವುದು ಎರಡು ಸಾವಿರ ವರ್ಷಗಳ ಹಿಂದೆಯೂ ಜನರಿಗೆ ತಿಳಿದಿದ್ದ ಸಂಗತಿ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂದಿನ ನಗರದ ಹಿತ್ತಲಿಗೂ ಆಳಿನ ಮಾತೇ ಸರಿ. ಆದರೆ ಉಪಚಾರ ಬದಲಾಗಬೇಕು. ಒಣಭೂಮಿಯ ಬಡಕಲು ಮರಕ್ಕೆ ಗೊಬ್ಬರ ಬೇಕಿತ್ತು. ಬಚ್ಚಲ ನೀರು ಕುಡಿದು ಸೊಕ್ಕಿದ ಮರಕ್ಕೆ ಬೇಕಿರುವುದು ಒಂದು ತಿಂಗಳ ಉಪವಾಸ, ಹರಿತವಾದ ಕತ್ತರಿ ಮತ್ತು ಅಡ್ಡಿಯಿಲ್ಲದ ಬಿಸಿಲು. ಇಷ್ಟನ್ನು ಒಂದು ವರ್ಷ ಕ್ರಮವಾಗಿ ನಡೆಸಿ, ಹೊಸ ಚಿಗುರಿನ ಎಲೆಕಂಕುಳುಗಳನ್ನು ಗಮನಿಸಿದ ನಂತರವೇ ಕೊಡಲಿಯ ವಿಷಯ ತೀರ್ಮಾನಿಸುವುದು ಯುಕ್ತ.